ಇವತ್ತು ಪಂದಿ ಕರಿ ಇಲ್ಲ

ಬೆಂಗಳೂರಿನ ಗೆಳೆಯರು, ಗೆಳೆಯರ ಗೆಳೆಯರು, ಎಂದೋ ಒಮ್ಮೆ ಪರಿಚಯವಾದವರು, ಯಾರೇ ಆಗಲಿ ಕೊಡಗಿಗೆ ಹೊರಡುವ ಮುಂಚೆ ನನಗೆ ಒಂದು ಮೆಸೇಜ್ ಹಾಕುತ್ತಾರೆ. 'ಒರಿಜಿನಲ್ ಪಂದಿ ಕರಿ ಎಲ್ಲಿ ಸಿಗುತ್ತೆ?' ಪಂದಿ ಕರಿ ಅಂದರೆ ಕೊಡವರ ಹಂದಿ ಮಾಂಸದ ಅಡುಗೆ. ಮೊದಲೆಲ್ಲ ಖುಷಿಯಿಂದ ನಾಲ್ಕು ಹೆಸರು ಕಳಿಸುತ್ತಿದ್ದೆ. ಈಚೆಗೆ ಆ ಪ್ರಶ್ನೆ ಬಂದಾಗ ತಕ್ಷಣ ಉತ್ತರ ಬರೆಯಲು ಆಗುವುದಿಲ್ಲ. ಪಂದಿ ಕರಿ ಕೆಟ್ಟುಹೋಗಿದೆ ಅಂತಲ್ಲ. ಒಳ್ಳೆಯ ಪಂದಿ ಕರಿ ಇವತ್ತಿಗೂ ಸಿಗುತ್ತದೆ. ಆದರೆ ಈ ಪ್ರಶ್ನೆ ಜನವರಿಯಲ್ಲೂ ಬರುತ್ತದೆ, ಜುಲೈನಲ್ಲೂ ಬರುತ್ತದೆ, ಅಕ್ಟೋಬರ್‌ನಲ್ಲೂ ಬರುತ್ತದೆ. ವರ್ಷವಿಡೀ ಉತ್ತರವೂ ಒಂದೇ ಇರುತ್ತದೆ ಎಂದು ಕೇಳುವವರು ನಂಬಿರುತ್ತಾರೆ. ನನಗೆ ಕಿರಿಕಿರಿ ಆಗುವುದು ಅಲ್ಲೇ.

ಕುಶಾಲನಗರ ದಾಟಿ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಬರುವಾಗ ರಸ್ತೆಯ ಎರಡೂ ಬದಿ ನೋಡಿ. ಕೂರ್ಗ್ ಸ್ಪೆಷಲ್ ಪೋರ್ಕ್, ಹೋಮ್‌ಮೇಡ್ ವೈನ್, ಹೋಮ್‌ಮೇಡ್ ಚಾಕೊಲೇಟ್, ಜೇನು, ಏಲಕ್ಕಿ, ಕಾಫಿ ಪುಡಿ. ಮಳೆ ಇರಲಿ ಬಿಸಿಲಿರಲಿ, ಬೋರ್ಡ್ ಬದಲಾಗುವುದಿಲ್ಲ. ಒಳಗೆ ಟೇಬಲ್ ಮೇಲಿರುವ ಮೆನು ಕಾರ್ಡೂ ಬದಲಾಗುವುದಿಲ್ಲ. ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಕೋಳಿ ಕರಿ, ಅಕ್ಕಿ ಶ್ಯಾವಿಗೆ ನೂಪುಟ್ಟು, ಅಕ್ಕಿ ರೊಟ್ಟಿ. ಜಾಸ್ತಿ ಅಂದ್ರೆ ಒಂದು ಬೈಂಬಳೆ (ಕಳಲೆ) ಕರಿ, ಒಂದು ಕುಮ್ಮು (ಅಣಬೆ) ಕರಿ. ಪ್ರವಾಸಿಗಳಿಗೆ 'ಕೂರ್ಗ್ ಊಟ' ಅಂದರೆ ಇಷ್ಟೇ ಅನ್ನುವಷ್ಟು ಈ ಪಟ್ಟಿ ಗಟ್ಟಿಯಾಗಿದೆ. ಈಗ ಬೆಂಗಳೂರಿನಲ್ಲೂ ಇದೇ ಪಟ್ಟಿಯ ಹೋಟೆಲುಗಳಿವೆ, ಮನೆಗೇ ತಂದುಕೊಡುವ ಕ್ಲೌಡ್ ಕಿಚನ್‌ಗಳಿವೆ. ಇಲ್ಲಿನ ಅಡುಗೆಗೆ ಇಷ್ಟು ಹೆಸರು ಬಂದಿದ್ದು ನನಗೆ ಸಂತೋಷವೇ. ಆದರೆ ಇಲ್ಲಿನ ಅಡುಗೆಮನೆ ನಡೆಯುತ್ತಿದ್ದದ್ದು ಮಳೆ, ಗದ್ದೆ, ಹಬ್ಬ ಇವನ್ನು ನೋಡಿಕೊಂಡು. ಮೆನು ಕಾರ್ಡಿಗೆ ಈ ಮೂರೂ ಗೊತ್ತಿಲ್ಲ.

ಮಾರಾಟಕ್ಕೆ ಇರಲಿಲ್ಲ

ನಾನು ಚಿಕ್ಕವಳಿದ್ದಾಗ ಮಡಿಕೇರಿಯಲ್ಲಿ ಹೋಟೆಲಿಗೆ ಹೋಗುವುದು ಅಂದರೆ ಇಡ್ಲಿ, ಮಸಾಲೆ ದೋಸೆ, ಬನ್ಸ್. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದವರ ಹೋಟೆಲುಗಳು. ಮಾಂಸ ಬೇಕಿದ್ದರೆ ಕೇರಳದ ಕಡೆಯವರ ಹೋಟೆಲಿನಲ್ಲಿ ಪರೋಟ, ಬಿರಿಯಾನಿ. ಕಡಂಬುಟ್ಟು ಹೋಟೆಲಿನಲ್ಲಿ ಸಿಗುತ್ತದೆ ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಅದು ಪಕ್ಕದ ಮನೆಯಲ್ಲಿ ಸಿಗುತ್ತಿತ್ತು. ನಮ್ಮದು ಕೊಡವ ಮನೆಯಲ್ಲ, ಅಪ್ಪನ ಕೆಲಸಕ್ಕಾಗಿ ಬಂದು ಇಲ್ಲೇ ನೆಲೆನಿಂತವರು ನಾವು. ಕೈಲ್‌ಪೊಳ್ದ್ ಅನ್ನುವ ಕೊಡವರ ಆಯುಧಪೂಜೆಯ ಹಬ್ಬದ ದಿನ ಬೇಲಿಯ ಆಚೆಯಿಂದ ಒಂದು ಮುಚ್ಚಿದ ಪಾತ್ರೆ ಬರುತ್ತಿತ್ತು. ಯುಗಾದಿಗೆ ನಮ್ಮ ಒಬ್ಬಟ್ಟು ಆಚೆ ಹೋಗುತ್ತಿತ್ತು. ಪಾತ್ರೆಯಲ್ಲಿ ಏನು ಬರಬೇಕು ಅಂತ ನಾವು ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಆ ದಿನ ಅವರ ಮನೆಯಲ್ಲಿ ಏನು ಬೆಂದಿದೆಯೋ ಅದು ಬರುತ್ತಿತ್ತು.

ಇದು ಮಾರಾಟಕ್ಕೆ ಬಂದದ್ದು ಹೇಗೆ ಅನ್ನುವುದನ್ನು ಇಲ್ಲಿನವರು ಮರೆತಿಲ್ಲ. 2000ದ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿತು. ತೋಟದಿಂದ ಬರುವ ದುಡ್ಡು ಕೂಲಿಗೂ ಸಾಲದ ವರ್ಷಗಳು ಅವು. ದೊಡ್ಡ ಮನೆ ಇತ್ತು, ಖಾಲಿ ಕೋಣೆಗಳಿದ್ದವು, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರು. ಒಂದೊಂದಾಗಿ ಮನೆಗಳು ಹೋಂಸ್ಟೇ ಆದವು. ಕೋಣೆ ಕೊಟ್ಟ ಮೇಲೆ ಊಟ ಕೊಡಬೇಕಲ್ಲ. ಹಾಗೆ ಮನೆಯ ಅಡುಗೆಗೆ ಮೊದಲ ಸಲ ಬೆಲೆ ಬಂತು. ಅದನ್ನು ದುಡಿದವರು ಹೆಚ್ಚಾಗಿ ಹೆಂಗಸರು. ತೋಟದ ಲೆಕ್ಕ ಗಂಡನ ಕೈಯಲ್ಲಿದ್ದ ಮನೆಗಳಲ್ಲಿ ಊಟದ ದುಡ್ಡು ಹೆಂಡತಿಯ ಕೈಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದುಡ್ಡಿನಲ್ಲಿ ಫೀಸು ಕಟ್ಟಿದ್ದಾರೆ, ಹೆಂಚು ಬದಲಿಸಿದ್ದಾರೆ. ಆದ್ದರಿಂದ ಹಿಂದೆ ಹಂಚಿಕೊಂಡು ತಿನ್ನುತ್ತಿದ್ದೆವು, ಈಗ ಮಾರುತ್ತಾರೆ ಅಂತ ಕೊರಗುವವರ ಜೊತೆ ನಾನಿಲ್ಲ. ಮಾರಲಿ. ಒಳ್ಳೆಯ ಬೆಲೆಗೇ ಮಾರಲಿ. ನನ್ನ ಚಿಂತೆ ಬೇರೆ.

ತುಲಾ ಸಂಕ್ರಮಣದ ದೋಸೆ

ನಾಪೋಕ್ಲು ಕಡೆ ನನಗೆ ತುಂಬ ಬೇಕಾದ ಅಕ್ಕ ಒಬ್ಬರಿದ್ದಾರೆ. ತೋಟದ ಮನೆಯಲ್ಲೇ ಸಣ್ಣ ಹೋಂಸ್ಟೇ ನಡೆಸುತ್ತಾರೆ. ಒಂದು ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ದಿನ ಅವರ ಮನೆಯಲ್ಲಿದ್ದೆ. ಆ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಮನೆಯಲ್ಲಿ ಕಣಿ ಇಟ್ಟಿದ್ದರು. ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಬಳೆ, ಸರ ಹಾಕಿ ಕಾವೇರಿ ಅಂತ ಪೂಜೆ ಮಾಡುತ್ತಾರೆ. ಆ ದಿನ ಮಾಂಸದ ಅಡುಗೆ ಇಲ್ಲ. ದೋಸೆ, ಕುಂಬಳ ಕರಿ, ಪಾಯಸ.

ಕುಂಬಳ ಕರಿಯನ್ನು ಅಕ್ಕ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಗದ್ದೆ ಏರಿಯಲ್ಲಿ ಬೆಳೆದ ಸಿಹಿ ಕುಂಬಳ. ಸಿಪ್ಪೆ ಪೂರ್ತಿ ತೆಗೆಯದೆ ದೊಡ್ಡ ತುಂಡು ಮಾಡಿದರು. ತುಂಡು ಕರಗಬಾರದು, ಬೆರಳಲ್ಲಿ ಒತ್ತಿದರೆ ಮಾತ್ರ ಬಿರಿಯಬೇಕು. ಬೆಲ್ಲ ಸ್ವಲ್ಪವೇ. ಖಾರಕ್ಕೆ ತೋಟದ ಗಾಂಧಾರಿ ಮೆಣಸು. ಕೊನೆಗೆ ಸಾಸಿವೆ ಒಗ್ಗರಣೆ ಬಿದ್ದಾಗ ಇಡೀ ಅಡುಗೆಮನೆ ಘಮ್ ಎಂದಿತು. ದೋಸೆ ಹೋಟೆಲ್ ದೋಸೆಯ ಹಾಗೆ ಗರಿಗರಿ ಅಲ್ಲ. ದಪ್ಪ, ಮೆತ್ತಗೆ. ಮುರಿದು ಅದ್ದಿದರೆ ಕರಿಯ ರಸವನ್ನೆಲ್ಲ ಹೀರಿಕೊಳ್ಳುತ್ತಿತ್ತು. ಸಿಹಿ ಮೊದಲು ಬಂತು, ಖಾರ ತಡವಾಗಿ ಬಂದು ಗಂಟಲಲ್ಲಿ ಕೂತಿತು. ನಾನು ಕೊಡಗಿನಲ್ಲಿ ಉಂಡ ಅತ್ಯುತ್ತಮ ಊಟಗಳಲ್ಲಿ ಅದೊಂದು.

ಆ ದಿನ ಬೆಂಗಳೂರಿನಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಏಳೆಂಟು ವರ್ಷದ ಮಗಳು. ಒಳ್ಳೆಯ ಜನ, ಮಾತಿನಲ್ಲಿ ಮರ್ಯಾದೆ ಇತ್ತು. ಊಟಕ್ಕೆ ಕೂತವರೇ ಆತ ಕೇಳಿದರು, 'ಆಂಟಿ, ಪಂದಿ ಕರಿ ಬರುತ್ತಾ?'

'ಇವತ್ತು ನಮ್ಮಲ್ಲಿ ಮಾಂಸ ಮಾಡುದಿಲ್ಲ. ಸಂಕ್ರಮಣ ಅಲ್ವಾ. ನಾಳೆ ಮಧ್ಯಾಹ್ನ ಮಾಡ್ತೇನೆ, ಇರಿ.'

'ನಾಳೆ ಬೆಳಿಗ್ಗೆ ಹೊರಡ್ತೀವಿ ಆಂಟಿ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಬುಕ್ ಮಾಡಿದ್ದು.'

ಅಕ್ಕ ಮತ್ತೆ ಏನೂ ಹೇಳಲಿಲ್ಲ. ದೋಸೆ ತಂದು ಬಡಿಸಿದರು. ಆ ಹುಡುಗಿ ಮೂರು ದೋಸೆ ತಿಂದು ಪಾಯಸ ಕುಡಿದಳು. ಅವಳ ಅಪ್ಪ ಅರ್ಧ ತಿಂದು ಎದ್ದರು. ಆಮೇಲೆ ಕಾರು ತೆಗೆದುಕೊಂಡು ಮಡಿಕೇರಿಗೆ ಹೋಗಿ ಊಟ ಮಾಡಿ ಬಂದರು ಅಂತ ಕಾಣುತ್ತದೆ. ವಾರದ ನಂತರ ಅಕ್ಕ ನನಗೆ ಮೊಬೈಲ್ ತೋರಿಸಿದರು. ಎರಡು ಸ್ಟಾರ್. ಜಾಗ ಚೆನ್ನಾಗಿದೆ, ಜನ ಒಳ್ಳೆಯವರು, ಆದರೆ ಅಪ್ಪಟ ಕೂರ್ಗ್ ಊಟ ಸಿಗಲಿಲ್ಲ ಅಂತ ಬರೆದಿದ್ದರು. ಅಕ್ಕನಿಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. 'ನಾವು ಕೊಟ್ಟದ್ದು ಮತ್ತೆ ಎಂತ ಊಟ?'

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ದಿನ ಇಡೀ ಜಿಲ್ಲೆಯಲ್ಲಿ ಕೊಡವರ ಮನೆ ಮನೆಯಲ್ಲಿ ಏನು ಬೇಯುತ್ತಿತ್ತೋ ಅದೇ ಆ ಎಲೆಯ ಮೇಲಿತ್ತು. ಅದಕ್ಕಿಂತ ಅಪ್ಪಟವಾದದ್ದು ಆ ದಿನ ಎಲ್ಲೂ ಇರಲಿಲ್ಲ. ಬಂದವರ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಫೋಟೋದಲ್ಲಿದ್ದದ್ದು ಪಂದಿ ಕರಿ. ಫೋಟೋದ ಕೆಳಗೆ ತಿಂಗಳು, ತಾರೀಕು ಇರುವುದಿಲ್ಲ.

ಅಂದಿನಿಂದ ಅಕ್ಕ ಸಂಕ್ರಮಣದ ದಿನ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಅಕ್ಕಪಕ್ಕದ ಬೇರೆ ಕೆಲವರು ಇನ್ನೊಂದು ದಾರಿ ಹಿಡಿದಿದ್ದಾರೆ. ಮನೆಯೊಳಗೆ ದೋಸೆ, ಹೊರಗಿನ ಶೆಡ್ಡಿನಲ್ಲಿ ಬಾಡಿಗೆ ಅಡುಗೆಯವರಿಂದ ಪಂದಿ ಕರಿ. ಅವರನ್ನು ನಾನು ದೂರುವುದಿಲ್ಲ. ದಸರಾ ರಜೆಯ ದಿನಗಳಲ್ಲಿ ಬರುವ ದುಡ್ಡು ಬಿಡುವುದು ಸುಲಭವಲ್ಲ. ಆದರೆ ಹೀಗೆ ಮನೆಯ ಊಟ, ಗಿರಾಕಿಯ ಊಟ ಎರಡೂ ಬೇರೆ ಒಲೆಗಳಿಗೆ ಹೋದರೆ, ಬಂದವರು ತಿನ್ನುವುದು ಯಾರ ಊಟ?

ಗದ್ದೆ ಹೇಳಿದ ಹಾಗೆ

ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ. ನಾಟಿ ಮುಗಿದು, ಆಯುಧ, ನೇಗಿಲು ತೊಳೆದು ಪೂಜೆ ಮಾಡುವ ಹಬ್ಬ. ಅವತ್ತು ಪಂದಿ ಕರಿ, ಕಡಂಬುಟ್ಟು ಯಾಕೆ ಅನ್ನುವುದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ. ಮಳೆಯಲ್ಲಿ ವಾರಗಟ್ಟಲೆ ಕೆಸರಲ್ಲಿ ನಿಂತು ದುಡಿದ ಮೈಗೆ ಬೇಕಾದ ಊಟ ಅದು. ಹಿಂದೆ ಅದು ಕಾಡುಹಂದಿಯ ಮಾಂಸ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಾಕಿದ ಹಂದಿ. ರುಚಿ ಬದಲಾಯಿತು, ಕೊಬ್ಬು ಜಾಸ್ತಿಯಾಯಿತು, ಮಸಾಲೆ ಅದಕ್ಕೆ ಹೊಂದಿಕೊಂಡಿತು. ಅಂದರೆ ಈ ಅಡುಗೆ ಎಂದೂ ಕಲ್ಲಿನ ಹಾಗೆ ಕೂತಿರಲಿಲ್ಲ. ಬದಲಾವಣೆಗೆ ನಾನು ಹೆದರುವುದಿಲ್ಲ.

ಅದಕ್ಕೆ ಮುಂಚಿನ ತಿಂಗಳು ಕಕ್ಕಡ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮದುವೆ, ಮುಂಜಿ ಯಾವುದೂ ಇಲ್ಲದ, ಸುಮ್ನೆ ಮಳೆ ಸುರಿಯುವ ತಿಂಗಳು. ಆ ತಿಂಗಳ ಊಟವೇ ಬೇರೆ. ತೋಡಿನ ಏಡಿ, ಕೆಸುವಿನ ಕರಿ, ತೆರ್ಮೆ ಸೊಪ್ಪು, ಬಿದಿರಿನ ಎಳೆ ಮೊಳಕೆಯ ಬೈಂಬಳೆ, ಹುತ್ತದ ಸುತ್ತ ಏಳುವ ಕುಮ್ಮು. ಕಕ್ಕಡದ ಹದಿನೆಂಟನೇ ದಿನ (ಕೊಡವರ ಕಕ್ಕಡ ಪದಿನೆಟ್ಟ್), ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ. ಇಲ್ಲಿನ ಅರೆಭಾಷೆ ಗೌಡರಿಗೆ ಅದೇ ಆಟಿ ಹದಿನೆಂಟು. ಸೊಪ್ಪನ್ನು ಕಾಂಡ ಸಮೇತ ಬೇಯಿಸಿ ಸೋಸಿದರೆ ಗಾಢ ನೇರಳೆ ನೀರು ಬರುತ್ತದೆ. ಹದಿನೆಂಟು ಬಗೆಯ ಔಷಧ ಆ ದಿನ ಅದರಲ್ಲಿ ಸೇರುತ್ತದೆ ಅನ್ನುವುದು ಹಿರಿಯರ ನಂಬಿಕೆ. ನಂಬಿಕೆ ಹಾಗಿರಲಿ, ಆ ಸೊಪ್ಪಿನ ಘಮ ಆ ದಿನಗಳಲ್ಲಿ ಬೇಲಿ ದಾಟಿ ಮೂಗಿಗೆ ಬರುತ್ತದೆ. ಮಾರನೆಯ ದಿನ ಮೂತ್ರ ಕೆಂಪಾಗುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದಕ್ಕೇ ಮೊದಲೇ ಹೇಳಿ ಬಡಿಸುತ್ತಾರೆ.

ಇವುಗಳಲ್ಲಿ ಯಾವುದನ್ನು ವರ್ಷವಿಡೀ ಕೊಡಲು ಸಾಧ್ಯ? ಬೈಂಬಳೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ವಿಷದ ಅಂಶ ತೆಗೆದೇ ತಿನ್ನಬೇಕು. ಹುಳಿ ಬಂದ ಆ ವಾಸನೆ ಕೆಲವರಿಗೆ ಹಿಡಿಸುವುದಿಲ್ಲ, ಹಿಡಿಸಿದವರಿಗೆ ಅದೇ ಜೀವ. ಫೆಬ್ರವರಿಯಲ್ಲಿ ಮೆನುವಿನಲ್ಲಿ ಬೈಂಬಳೆ ಇದ್ದರೆ ಅದು ಉಪ್ಪುನೀರಿನದ್ದೋ ಡಬ್ಬಿಯದ್ದೋ ಆಗಿರಬೇಕು. ಬೇಸಿಗೆಯ ಕುಮ್ಮು ಕರಿ ಅಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬಟನ್ ಅಣಬೆ. ಮಸಾಲೆ ಅದೇ, ಹೆಸರೂ ಅದೇ. ಬಾಯಿಗೆ ಇಟ್ಟರೆ ಬೇರೆಯೇ. ಕಾಡು ಅಣಬೆಯನ್ನು ಗಿರಾಕಿ ಕೇಳಿದಾಗೆಲ್ಲ ತರುತ್ತೇವೆ ಅಂತ ಹೊರಟರೆ ಅದು ಅಪಾಯವೂ ಹೌದು. ಯಾವುದು ತಿನ್ನುವಂಥದ್ದು, ಯಾವುದು ಅಲ್ಲ ಅನ್ನುವುದು ಮಳೆಯಲ್ಲಿ ಹಿರಿಯರ ಹಿಂದೆ ನಡೆದು ಕಲಿತವರಿಗೆ ಮಾತ್ರ ಗೊತ್ತು.

ಹೋಟೆಲಿನವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕೊಡಗಿನಲ್ಲಿ ಎಷ್ಟು ಗದ್ದೆ ಪಾಳು ಬಿದ್ದಿದೆ ಅನ್ನುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಆಳು ಸಿಗುವುದಿಲ್ಲ, ಆನೆ ಬಿಡುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ. ಕೆಲವು ಗದ್ದೆ ಶುಂಠಿಗೆ ಹೋಯಿತು, ಕೆಲವು ಅಡಿಕೆಗೆ, ಕೆಲವು ಕಟ್ಟಡಕ್ಕೆ. ಕಡಂಬುಟ್ಟಿನ ಅಕ್ಕಿ ತರಿ ಈಗ ಅನೇಕ ಮನೆಗಳಿಗೂ ಅಂಗಡಿಯಿಂದಲೇ ಬರುತ್ತದೆ. ಹುತ್ತರಿಯಲ್ಲಿ ಹೊಸ ಕದಿರು ತೆಗೆಯಲು ಪಕ್ಕದವರ ಗದ್ದೆಗೆ ಹೋಗುವವರಿದ್ದಾರೆ. ನಾಟಿ ಮಾಡದ ಮನೆಗೆ ಕೈಲ್‌ಪೊಳ್ದ್ ಒಂದು ರಜಾ ದಿನ ಆಗಿಬಿಡುತ್ತದೆ. ಊಟದ ಹಿಂದಿನ ಕೆಲಸ ಹೋದ ಮೇಲೆ ಊಟ ಯಾವ ತಿಂಗಳಿಗೆ ಬೇಕಾದರೂ ಜಾರಬಹುದು. ಮೆನು ಕಾರ್ಡ್ ಮಾಡಿದ್ದು ಅಷ್ಟೇ. ಆಗಲೇ ಸಡಿಲವಾಗಿದ್ದನ್ನು ಕಿತ್ತುಕೊಂಡಿತು.

ಒಂದು ಚಮಚ ಕಾಚಂಪುಳಿ

ಪಂದಿ ಕರಿಗೆ ಆ ಕಪ್ಪು ಬಣ್ಣ ಎಲ್ಲಿಂದ ಅಂತ ಕೇಳಿದರೆ ಅರ್ಧ ಉತ್ತರ ಹುರಿದ ಮಸಾಲೆ. ಕೊತ್ತಂಬರಿ, ಜೀರಿಗೆ, ಮೆಣಸನ್ನು ಕಪ್ಪಾಗುವ ಅಂಚಿಗೆ ತಂದು ಇಳಿಸುತ್ತಾರೆ. ಇನ್ನರ್ಧ ಕಾಚಂಪುಳಿ, ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ.

ನಾನು ಅದನ್ನು ಮಾಡುವುದನ್ನು ನೋಡಿದ್ದು ಅದೇ ಅಕ್ಕನ ಅತ್ತೆಯ ಹತ್ತಿರ. ಮಳೆಗಾಲದಲ್ಲಿ ಮರದ ಕೆಳಗೆ ಹಳದಿ ಹಣ್ಣು ಉದುರುತ್ತದೆ. ಪುಟ್ಟ ಕುಂಬಳಕಾಯಿಯ ಆಕಾರ, ಮೈಯೆಲ್ಲ ಗೀರು. ಮಲೆನಾಡಿನವರಿಗೆ ಇದೇ ಉಪ್ಪಾಗೆ. ಅವರು ಸಿಪ್ಪೆ ಒಣಗಿಸುತ್ತಾರೆ, ಕೇರಳದವರು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನಿಗೆ ಹಾಕುತ್ತಾರೆ, ಕೊಡಗಿನಲ್ಲಿ ಬೇಕಾದದ್ದು ರಸ. ಆ ಅಜ್ಜಿ ಹಣ್ಣುಗಳನ್ನು ಬಿದಿರಿನ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಒಂದು ಪಾತ್ರೆಯ ಮೇಲೆ ಇಟ್ಟಿದ್ದರು. ಹಿಂಡುವುದಿಲ್ಲ. ಹಣ್ಣು ತಾನಾಗಿ ಕೊಳೆತು ಮೆತ್ತಗಾಗಿ ರಸ ಬಿಡಬೇಕು. ಹನಿ ಹನಿಯಾಗಿ ಕೆಳಗೆ ಬೀಳುತ್ತಿತ್ತು. ಸುತ್ತ ಹುಳಿ ವಾಸನೆ, ಸಣ್ಣ ನೊಣಗಳು. ದಿನಗಟ್ಟಲೆ ಹಾಗೇ. ಆಮೇಲೆ ಆ ರಸವನ್ನು ಹೊರಗಿನ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕುದಿಸಿದರು. ಬಿಂದಿಗೆ ತುಂಬ ಇದ್ದದ್ದು ಇಳಿಯುತ್ತ ಇಳಿಯುತ್ತ ಬಂತು. ಬಣ್ಣ ಕಂದಾಯಿತು, ಕಪ್ಪಾಯಿತು. ಅಜ್ಜಿ ಸೌಟಿನ ತುದಿಯಿಂದ ಒಂದು ಹನಿ ತಟ್ಟೆಗೆ ಬಿಟ್ಟು ವಾಲಿಸಿ ನೋಡಿದರು. ಓಡಿತು. ಇನ್ನೂ ಆಗಿಲ್ಲ ಅಂದರು. ಸಂಜೆ ಮತ್ತೆ ಬಿಟ್ಟರು. ಹನಿ ಅಲ್ಲೇ ನಿಂತಿತು. ಅಷ್ಟೊಂದು ಹಣ್ಣಿಗೆ ಕೊನೆಗೆ ಸಿಕ್ಕಿದ್ದು ಕೆಲವು ಬಾಟಲಿ. ಆ ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಒಂದು ಚಮಚದ ಆಸುಪಾಸು ಸಾಕು.

ಈಗ ಅದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೆಲವು ಚೆನ್ನಾಗಿವೆ. ಒಮ್ಮೆ ರಸ್ತೆ ಬದಿಯ ಅಂಗಡಿಯಿಂದ ತಂದ ಬಾಟಲಿ ಅಲ್ಲಾಡಿಸಿದರೆ ನೀರಿನ ಹಾಗೆ ಸದ್ದು ಮಾಡಿತು. ಹುಳಿ ಇತ್ತು, ಬಣ್ಣವೂ ಇತ್ತು. ಮಂದವಿರಲಿಲ್ಲ, ಹೊಗೆಯ ಘಮವೂ ಇರಲಿಲ್ಲ. ಅಷ್ಟು ಕಡಿಮೆ ಬೆಲೆಗೆ ಅಸಲಿ ಕಾಚಂಪುಳಿ ಕೊಡಲು ಯಾರಿಗೂ ಆಗುವುದಿಲ್ಲ. ಕೊಡಗಿನ ಊಟಕ್ಕೆ ಬೇಡಿಕೆ ಹೆಚ್ಚಾಗಿದೆ, ಮರಗಳು ಹೆಚ್ಚಾಗಿಲ್ಲ. ವರ್ಷವಿಡೀ ನೂರಾರು ಹೋಟೆಲುಗಳಲ್ಲಿ ಪಂದಿ ಕರಿ ಬೇಯಬೇಕಾದರೆ ಎಲ್ಲಾದರೂ ವಿನೆಗರ್ ಸೇರಲೇಬೇಕು. ಈ ಹಣ್ಣಿಗೆ ಹೊರಗಿನ ಬೇಡಿಕೆಯ ಪೆಟ್ಟು ಹೊಸದೂ ಅಲ್ಲ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಉಪ್ಪಾಗೆ ಸಿಪ್ಪೆ ಬೇಕೆಂದು ವಿದೇಶಗಳಿಂದ ಬೇಡಿಕೆ ಬಂದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಹಣ್ಣಾಗುವ ಮುಂಚೆಯೇ ಕಾಯಿ ಕಿತ್ತರು, ಕೊಂಬೆ ಕಡಿದರು.

ಕಾಫಿಗೆ ಇರುವ ಮರ್ಯಾದೆ

ಈಗಿನ ಬದಲಾವಣೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ತೋಟದವರೇ ನಡೆಸುವ ಕಾಫಿ ಕೆಫೆಗಳು. ಕೊಡಗು ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. ಆದರೆ ಇಲ್ಲಿ ಕೂತು ಇಲ್ಲಿನ ತೋಟದ ಕಾಫಿಯನ್ನು ತೋಟದ ಹೆಸರಿನಿಂದ ಕುಡಿಯುವುದು ತೀರಾ ಈಚಿನದು. ಅದಕ್ಕೆ ಕಾರಣವಿದೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಎಲ್ಲರ ಕಾಫಿಯೂ ಒಂದೇ ರಾಶಿಯಲ್ಲಿ ಬೆರೆತುಹೋಗುತ್ತಿತ್ತು. 1990ರ ದಶಕದಲ್ಲಿ ಅದನ್ನು ಹಂತ ಹಂತವಾಗಿ ಸಡಿಲಿಸಿದರು, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಊರಿನ ಹೆಸರಿನ ಗುರುತಾದ ಜಿಐ ಟ್ಯಾಗ್ ಸಿಕ್ಕಿತು. 2024ರಲ್ಲಿ ರೋಬಸ್ಟಾ ಬೆಲೆ ಏರಿದಾಗ ತೋಟದವರ ಮುಖದಲ್ಲಿ ಬಹಳ ಕಾಲದ ನಂತರ ಗೆಲುವು ಕಂಡಿತು.

ಮಡಿಕೇರಿ ಹತ್ತಿರದ ಒಂದು ಕೆಫೆಯಲ್ಲಿ ಕೂತಿದ್ದೆ. ಪಕ್ಕದ ಟೇಬಲಿನವರು ಬೋರ್ಡ್ ಮೇಲಿದ್ದ ಒಂದು ಕಾಫಿ ಕೇಳಿದರು. ಕೌಂಟರಿನ ಹುಡುಗ ಹೇಳಿದ, 'ಸರ್, ಆ ಲಾಟ್ ಮುಗಿದಿದೆ. ಈ ಸಲದ್ದು ಇನ್ನೂ ಒಣಗ್ತಾ ಇದೆ. ಏಪ್ರಿಲ್ ಆಗ್ಬಹುದು.' ಕೇಳಿದವರು ತಲೆಯಾಡಿಸಿ ಬೇರೊಂದು ತೆಗೆದುಕೊಂಡರು. ಬೇಸರವಿಲ್ಲ. ಇನ್ನೂ ಕುತೂಹಲದಿಂದ ಯಾವಾಗ ಕೊಯ್ಲು, ಹೇಗೆ ಒಣಗಿಸ್ತೀರಿ ಅಂತ ಕೇಳುತ್ತ ಕೂತರು. ಅರೇಬಿಕಾ ನವೆಂಬರ್‌ನಲ್ಲಿ ಶುರುವಾಗುತ್ತದೆ, ರೋಬಸ್ಟಾ ಜನವರಿ ಮೇಲೆ, ಮಾರ್ಚ್‌ನಲ್ಲಿ ಹೂಮಳೆ ಬರಬೇಕು ಅಂತ ಆ ಹುಡುಗ ವಿವರಿಸುತ್ತಿದ್ದ. ಅವನ ದನಿಯಲ್ಲಿ ಹೆಮ್ಮೆ ಇತ್ತು.

ನಾನು ಅಕ್ಕನ ಎರಡು ಸ್ಟಾರ್ ನೆನೆದೆ. ಕಾಫಿಯ ವಿಷಯದಲ್ಲಿ 'ಈಗ ಇಲ್ಲ' ಅಂದರೆ ಗುಣಮಟ್ಟದ ಗುರುತು. ಊಟದ ವಿಷಯದಲ್ಲಿ ಅದೇ ಮಾತು ಸೇವೆಯ ಕೊರತೆ. ಎರಡನ್ನೂ ಕೇಳುವವರು ಒಂದೇ ಜನ, ಬಹುಶಃ ಒಂದೇ ಪ್ರವಾಸದಲ್ಲಿ. ಹಾಗಾದರೆ ಇದು ಕಲಿಸಬಹುದಾದ ವಿಷಯ ಅಂತಾಯಿತು. ಕೆಫೆಯ ಹುಡುಗ ವಿವರಿಸಿದ ಹಾಗೆ ಊಟದ ಬಗ್ಗೆ ಯಾರೂ ಕೂತು ವಿವರಿಸಿಲ್ಲ. ಅಡುಗೆಮನೆಯಲ್ಲಿರುವವರು ಎದುರು ಬಂದು ಮಾತಾಡುವುದು ಕಡಿಮೆ. ಮಾತಾಡಿದರೂ 'ಇಲ್ಲ' ಅನ್ನುವಾಗ ಅವರ ದನಿಯಲ್ಲಿ ಹೆಮ್ಮೆಗಿಂತ ಸಂಕೋಚವೇ ಜಾಸ್ತಿ.

ಇಷ್ಟು ಹೇಳಿ 'ಮಂದಿ' ಅನ್ನುವ ಅನ್ನ-ಮಾಂಸದ ಊಟ, ಕೆಂಡದಲ್ಲಿ ಸುಡುವ ಕೋಳಿ ಅಲ್‌ಫಹಮ್ ಬಗ್ಗೆ ಹೇಳದಿದ್ದರೆ ನಮ್ಮೂರಿನ ಹುಡುಗರು ಒಪ್ಪುವುದಿಲ್ಲ. ವಿರಾಜಪೇಟೆ, ಸಿದ್ದಾಪುರ, ಕುಶಾಲನಗರ, ಎಲ್ಲ ಕಡೆ ಸಂಜೆಯಾದರೆ ತುಂಬುವುದು ಅವೇ ಹೋಟೆಲುಗಳು. ಯೆಮನ್ನಿನ ಊಟ ಕೇರಳ ದಾಟಿ ಇಲ್ಲಿಗೆ ಬಂದಿದೆ. ದೊಡ್ಡ ತಟ್ಟೆಯ ಸುತ್ತ ಕೂತು ಹಂಚಿ ತಿನ್ನುತ್ತಾರೆ. ಬೈಲಕುಪ್ಪೆಯ ಟಿಬೆಟನ್ನರ ಮೊಮೊ, ತುಕ್ಪಾ ಅದಕ್ಕೆ ಎಷ್ಟೋ ಮುಂಚೆ ನಮ್ಮದಾಗಿತ್ತು. ಇವು ಕೊಡಗಿನ ಊಟವನ್ನು ಹಾಳು ಮಾಡುತ್ತವೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಂದಿ ತಿನ್ನುವವರಿಗೆ ತಾವು ಮಂದಿ ತಿನ್ನುತ್ತಿದ್ದೇವೆ ಅಂತ ಗೊತ್ತಿರುತ್ತದೆ. 2024ರಲ್ಲಿ ಸರಕಾರ ಗೋಬಿ ಮಂಚೂರಿ, ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ನಮ್ಮ ಬೀದಿಯ ಕಬಾಬ್ ಗಾಡಿಯಲ್ಲಿ ಕೆಂಪು ಇಳಿದು ಕಂದು ಬಂತು. ಕೆಲವು ದಿನ ಜನ ಮುಖ ಸಿಂಡರಿಸಿದರು, ಆಮೇಲೆ ಒಗ್ಗಿಹೋಯಿತು. ತಿನ್ನುವವರ ಕಣ್ಣು ಹೊಸದಕ್ಕೆ ಹೊಂದಿಕೊಳ್ಳುತ್ತದೆ. ಪಂದಿ ಕರಿ ಇಲ್ಲದ ದಿನಕ್ಕೂ ಹೊಂದಿಕೊಳ್ಳುತ್ತದೆ ಅನ್ನುವ ನಂಬಿಕೆ ನನಗಿದೆ.

ಕೆಸುವಿಗೆ ಎಷ್ಟು?

ಒಳ್ಳೆಯ ಸೂಚನೆಗಳೂ ಇವೆ. ಕಕ್ಕಡ ಪದಿನೆಟ್ಟಿಗೆ ಪೇಟೆಗಳಲ್ಲಿ ತಿನಿಸು ಮೇಳಗಳು ನಡೆಯುತ್ತಿವೆ. ಮದ್ದು ಪುಟ್ಟು, ಏಡಿ ಸಾರು, ಕುಮ್ಮು, ಪತ್ರೊಡೆ ಎಲ್ಲ ಒಂದೇ ಕಡೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನಕ್ಕೆ ಖಾಲಿ. ಅಲ್ಲಿ ಅಡುಗೆ ಮಾಡಿ ತಂದವರೇ ಬಡಿಸುತ್ತಾರೆ, ಕೇಳಿದರೆ ಹೇಳುತ್ತಾರೆ. ಕೊಡವರದ್ದು ಮಾತ್ರವಲ್ಲ, ಅರೆಭಾಷೆಯವರದ್ದೂ ಅಲ್ಲಿ ಸಿಗುತ್ತದೆ. ಇಲ್ಲಿನ ಆದಿವಾಸಿಗಳಾದ ಯರವರ, ಜೇನುಕುರುಬರ ಊಟ ಇನ್ನೂ ಎಲ್ಲೂ ಕಾಣುವುದಿಲ್ಲ. ಕಾಡಿನ ಗೆಣಸು, ಸೊಪ್ಪು, ಜೇನಿನ ಬಗ್ಗೆ ಅವರಿಗಿರುವ ತಿಳಿವಳಿಕೆ ನಮ್ಮ ಯಾವ ಮೆನುವಿಗೂ ಬಂದಿಲ್ಲ. ಬರಬೇಕಾದರೆ ಅದರ ದುಡ್ಡು ಅವರ ಕೈಗೇ ಹೋಗುವ ದಾರಿ ಮೊದಲು ಆಗಬೇಕು.

ಅಕ್ಕನೂ ಈಗ ಒಂದು ಹೊಸ ಕೆಲಸ ಮಾಡಿದ್ದಾರೆ. ಬುಕ್ ಮಾಡುವವರಿಗೆ ಯಾವ ತಿಂಗಳಲ್ಲಿ ತಮ್ಮ ಮನೆಯಲ್ಲಿ ಏನು ಬೇಯುತ್ತದೆ ಅಂತ ಬರೆದು ಕಳಿಸುತ್ತಾರೆ. ಜುಲೈನಲ್ಲಿ ಬಂದರೆ ಕೆಸು, ಬೈಂಬಳೆ, ಅದೃಷ್ಟವಿದ್ದರೆ ಕುಮ್ಮು. ಸೆಪ್ಟೆಂಬರ್ ಮೊದಲ ವಾರ ಪಂದಿ ಕರಿ ಖಂಡಿತ. ಹುತ್ತರಿಗೆ ಬಂದರೆ ತಂಬಿಟ್ಟು, ನೇರಳೆ ಗೆಣಸು. ಬೇಸಿಗೆಯಲ್ಲಿ ಕಾಡು ಮಾವಿನ ಕರಿ. ಅದನ್ನು ಓದಿ ಬೇರೆ ಕಡೆ ಹೋದವರಿದ್ದಾರೆ. ಅದನ್ನು ಓದಿಯೇ ಮಳೆಗಾಲದಲ್ಲಿ ಬಂದವರೂ ಇದ್ದಾರೆ, ಅಂಥವರು ಹೊರಡುವಾಗ ಮುಂದಿನ ಹಬ್ಬ ಯಾವಾಗ ಅಂತ ಕೇಳಿ ಹೋಗುತ್ತಾರಂತೆ.

ಹೋದ ಮಳೆಗಾಲದಲ್ಲಿ ಅವರ ಅಡುಗೆಮನೆಯಲ್ಲಿ ಕೂತು ರೇಟಿನ ಲೆಕ್ಕ ಹಾಕುತ್ತಿದ್ದೆವು. ಪಂದಿ ಕರಿ ಊಟಕ್ಕೆ ಇಷ್ಟು ಅಂತ ಬರೆದರು. ಕೆಸು ಕರಿ ಊಟಕ್ಕೆ ಅದರ ಅರ್ಧ ಬರೆದರು. ನಾನು ಪೆನ್ನು ಹಿಡಿದು ತಡೆದೆ. ಆ ಕೆಸುವನ್ನು ಅವರು ಬೆಳಿಗ್ಗೆ ಮಳೆಯಲ್ಲಿ ತೋಡಿನ ಬದಿಯಿಂದ ಕೊಯ್ದು ತಂದಿದ್ದರು. ನಾರು ಬಿಡಿಸಿ, ತುರಿಕೆ ಹೋಗುವ ಹಾಗೆ ಹುಳಿ ಹಾಕಿ, ಗಂಟೆಗಟ್ಟಲೆ ಬೇಯಿಸಿದ್ದರು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದರೂ ಬೆರಳ ಸಂದಿಯಲ್ಲಿ ಕೆಂಪಾಗಿತ್ತು.

'ಎರಡಕ್ಕೂ ಒಂದೇ ರೇಟ್ ಹಾಕಿ ಅಕ್ಕ.'

'ಸೊಪ್ಪಿಗೆ ಅಷ್ಟು ಯಾರು ಕೊಡ್ತಾರೆ?'

'ಪೇಟೆಯಿಂದ ಪೋರ್ಕ್ ತರುದಕ್ಕೆ ನಿಮಗೆ ಅರ್ಧ ಗಂಟೆ. ಇದಕ್ಕೆ ಅರ್ಧ ದಿನ.'

ಅಕ್ಕ ಸ್ವಲ್ಪ ಹೊತ್ತು ಹಾಳೆ ನೋಡಿದರು. ಅರ್ಧ ಅಂತ ಬರೆದದ್ದನ್ನು ಹೊಡೆದುಹಾಕಿದರು. ಆ ಜಾಗದಲ್ಲಿ ಇನ್ನೂ ಏನೂ ಬರೆದಿಲ್ಲ. ಈ ಸಲ ಕಕ್ಕಡಕ್ಕೆ ಮುಂಚೆ ತೀರ್ಮಾನ ಮಾಡುತ್ತಾರಂತೆ, ಅತ್ತೆಯ ಹತ್ತಿರ ಒಂದು ಮಾತು ಕೇಳಿ.